ಎಳೆಗೂಸಿನ ಕೌದಿ

ಪಾಠದ ವೇಳೆಯಲ್ಲಿ ಕಲಿತ ಎಷ್ಟೋ ಸಂಗತಿಗಳು ಮರೆತುಹೋದರೂ ಬಿಡುವಿನಲ್ಲಿ ಕೈಗೂಡಿದ ಅಭ್ಯಾಸವು ಬಾಳಿನುದ್ದಕ್ಕೂ ಉಳಿಯುವುದುಂಟು. ಆದಕಾರಣ ನಮ್ಮ ವಿದ್ಯಾರ್ಥಿನಿಯರು ರಜಾದಿನಗಳಲ್ಲಿ ಕೈಗೊಳ್ಳತಕ್ಕ ಒಂದು ಹವ್ಯಾಸದ ವಿಷಯವಾಗಿ ಇಲ್ಲಿ ಕೆಲವು ಮಾತುಗಳನ್ನು ಬರೆಯುತ್ತೇವೆ. ಅದು ಎಳೆಗೂಸಿಗೆ ಕೌದಿಯನ್ನು ಹೊಲಿಯುವುದು. ಹಳೆಯ ಬಟ್ಟೆ, ಸೂಜಿ, ಗಟ್ಟಿಯಾದ ನೂಲು, ಕತ್ತರಿ, ಇವುಗಳ ಜೊತೆಗೆ ತಾಳ್ಮೆ, ಇಷ್ಟಿದ್ದರೆ ಸಾಕು.

ಹಳೆಯ ಬಟ್ಟೆ ಎಂದೊಡನೆ ಕೆಲವರು ಮೂಗು ಮುರಿಯುವರು. ಕಾಣಿಕೆಯೆಂದರೆ ಹೊಳೆಯುವ ಹೊಸ ವಸ್ತ್ರವೇ ಆಗಿರಬೇಕೆಂದು ಅವರ ಎಣಿಕೆ. ಆದರೆ ಕೂಸಿನ ಕೌದಿಯ ಯೋಗ್ಯತೆಯನ್ನು ಕೂಸಿನ ಮೈಯಿಂದಲೂ ಉಸಿರಿನಿಂದಲೂ ಅಳೆಯತಕ್ಕದ್ದು. ನೂರಾರು ಸಾರಿ ಒಗೆದ ಹತ್ತಿಯ ಸೀರೆಯಲ್ಲಿ ಗಂಜಿಯ ಬಿರುಸು ಉಳಿದಿರುವುದಿಲ್ಲ; ಅದು ಮೃದುವಾಗಿದ್ದು ತೇವವನ್ನು ಬೇಗನೆ ಹೀರುತ್ತದೆ. ಇದನ್ನು ನಮ್ಮ ದೇಶದ ತಾಯಂದಿರು ಹಿಂದಿನಿಂದಲೂ ಬಲ್ಲರು. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಉತ್ತರ ಕರ್ನಾಟಕದ ಕೌದಿ, ಇವೆಲ್ಲವೂ ಹಳೆಯ ಸೀರೆ ಧೋತರಗಳಿಂದಲೇ ಹುಟ್ಟಿದವು.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಗಳಲ್ಲಿ ವಾಸಿಸುವ ಸಿದ್ದಿ ಜನಾಂಗದ ಸ್ತ್ರೀಯರು ಈ ಕಲೆಯಲ್ಲಿ ಹೆಸರಾದವರು. ಆಫ್ರಿಕದಿಂದ ಬಂದವರ ಸಂತತಿಯವರಾದ ಇವರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ, ಮೂರು ಮತದವರೂ ಉಂಟು. ಇವರು ಕೆಳಗೆ ಸೀರೆಯನ್ನು ಹಾಸಿ, ಅದರ ಅಂಚಿನಿಂದ ಆರಂಭಿಸಿ, ಬಣ್ಣದ ತುಂಡುಗಳನ್ನು ಇಡುತ್ತ, ಸುತ್ತುಸುತ್ತಾಗಿ ನಡುವಿನ ತನಕ ಹೊಲಿಯುತ್ತ ಬರುವರು. ನಾಲ್ಕು ಮೂಲೆಗಳಲ್ಲಿ ಮಡಚಿದ ಬಟ್ಟೆಯ ಮುಕ್ಕೋಣಗಳನ್ನು ಹೂವಿನಂತೆ ಇಡುವರು. ಅವರ ಮುಂದೆ ಅಚ್ಚು ಹಾಕಿದ ನಮೂನೆಯಿಲ್ಲ. ಯಾವ ಬಣ್ಣದ ಮಗ್ಗುಲಲ್ಲಿ ಯಾವುದು ಒಪ್ಪುವುದೆಂದು ಅವರ ಕಣ್ಣೇ ತೀರ್ಮಾನಿಸುತ್ತದೆ.

ಹೊಸದಾಗಿ ಕಲಿಯುವವರು ಮುಂದಿನ ಕ್ರಮವನ್ನು ಅನುಸರಿಸಬಹುದು.

ಮೊದಲನೆಯದಾಗಿ ಬಟ್ಟೆ. ಹತ್ತಿಯದನ್ನೇ ಆರಿಸಿರಿ. ಎಳೆದು ನೋಡಿದಾಗ ಹರಿಯುವಷ್ಟು ಜೀರ್ಣವಾದುದನ್ನು ಬಿಟ್ಟುಬಿಡಿರಿ. ಒದ್ದೆಯಾದ ಬಿಳಿಯ ಚಿಂದಿಯಿಂದ ಉಜ್ಜಿ, ಬಣ್ಣ ಬಿಡುವುದೋ ಎಂದು ಪರೀಕ್ಷಿಸಿರಿ. ಆರಿಸಿದ್ದೆಲ್ಲವನ್ನು ಬಿಸಿನೀರಿನಲ್ಲಿ ಸಾಬೂನು ಹಾಕಿ ಒಗೆದು ಬಿಸಿಲಿನಲ್ಲಿ ಒಣಗಿಸಿರಿ.

ಎರಡನೆಯದಾಗಿ ಅಳತೆ. ೩೦ ಅಂಗುಲ ಅಗಲ, ೩೬ ಅಂಗುಲ ಉದ್ದ ಸಾಕು. ೬ ಅಂಗುಲದ ಚೌಕಗಳಾದರೆ ಅಡ್ಡಕ್ಕೆ ೫, ಉದ್ದಕ್ಕೆ ೬, ಒಟ್ಟು ೩೦ ಬೇಕು. ಸುತ್ತಲೂ ಅರ್ಧ ಅಂಗುಲ ಮಡಚಬೇಕಾದ್ದರಿಂದ ಪ್ರತಿಯೊಂದನ್ನು ೭ ಅಂಗುಲವಾಗಿ ಕತ್ತರಿಸಿರಿ. ೧೫ ತಿಳಿಬಣ್ಣದವು, ೧೫ ಗಾಢಬಣ್ಣದವು ಇದ್ದರೆ ಚದುರಂಗದ ಹಾಸಿನಂತಾಗುವುದು. ಹೊಲಿಯುವುದಕ್ಕೆ ಮುಂಚೆ ಅವೆಲ್ಲವನ್ನು ನೆಲದ ಮೇಲೆ ಹರಡಿ, ಎರಡು ಮೂರು ಸಾರಿ ಸ್ಥಳ ಬದಲಾಯಿಸಿ ನೋಡಿರಿ. ಕಲ್ಪನೆಗೆ ನಿಜವಾದ ಕೆಲಸವು ಇಲ್ಲಿಯೇ.

ಮೂರನೆಯದಾಗಿ ಹೊಲಿಗೆ. ಕೆಳಗಿನ ಸೀರೆಯ ತುಂಡನ್ನು ಸುತ್ತಲೂ ಒಂದು ಅಂಗುಲ ಹೆಚ್ಚಾಗಿ ಕತ್ತರಿಸಿರಿ. ಅದರ ಮೇಲೆ ಒಂದೆರಡು ಪದರ ಹಾಸಿ, ನಡುವಿನಿಂದ ಹೊರಕ್ಕೆ ದೊಡ್ಡ ಹೊಲಿಗೆಗಳಿಂದ ತಾತ್ಕಾಲಿಕವಾಗಿ ಬಿಗಿಯಿರಿ. ಇಲ್ಲವಾದರೆ ಸುಕ್ಕು ಬೀಳುವುದು. ಚೌಕಗಳ ಅಂಚುಗಳನ್ನು ಒಳಕ್ಕೆ ಮಡಚಿ ಮೇಲಿಟ್ಟು, ಎಲ್ಲಾ ಪದರಗಳನ್ನೂ ಹಿಡಿಯುವಂತೆ ಒಂದು ಬೆರಳಗಲದ ಸಾಲುಗಳಲ್ಲಿ ಸಾದಾ ಹೊಲಿಗೆಯನ್ನು ಹಾಕಿರಿ. ಕೊನೆಗೆ ಕೆಳಗಿನ ಸೀರೆಯ ಹೆಚ್ಚಿನ ಅಂಚನ್ನು ಮೇಲಕ್ಕೆ ಮಡಚಿ ಸುತ್ತಲೂ ಹೊಲಿಯಿರಿ. ಹೊಲಿಗೆಗಳು ಚಿಕ್ಕವಾಗಿರಲಿ; ಉದ್ದವಾದ ಎಳೆಯಲ್ಲಿ ಕೂಸಿನ ಬೆರಳು ಸಿಕ್ಕಿಕೊಳ್ಳುವುದು. ಗಂಟುಗಳನ್ನು ಪದರಗಳ ನಡುವೆ ಅಡಗಿಸಿರಿ. ಗುಂಡಿ, ಮಣಿ, ಕನ್ನಡಿಯ ಚೂರು, ಜರಿ, ಇವು ಬೇರೆ ಕೆಲಸಗಳಿಗೆ ಎಷ್ಟೇ ಚಂದವಾದರೂ ಎಳೆಗೂಸಿನ ಕೌದಿಗೆ ಸಲ್ಲವು. ಕಿತ್ತುಬಂದರೆ ನೇರವಾಗಿ ಬಾಯಿಗೆ ಹೋಗುವವು. ಕೆಲಸಕ್ಕೆ ಕೂಡ್ರುವಾಗ ಸೂಜಿ ಗುಂಡುಸೂಜಿಗಳನ್ನು ಎಣಿಸಿರಿ. ಏಳುವಾಗ ತಿರುಗಿ ಎಣಿಸಿರಿ. ಒಂದು ಕಡಿಮೆಯಾದರೂ ಅದು ಸಿಕ್ಕುವ ತನಕ ಕೌದಿಯನ್ನು ಯಾರಿಗೂ ಕೊಡಕೂಡದು.

ಇನ್ನು ಎಲ್ಲಕ್ಕಿಂತಲೂ ಮುಖ್ಯವಾದ ಮಾತೊಂದುಂಟು. ಒಂದು ವರುಷ ತುಂಬದ ಕೂಸು ನಿದ್ರಿಸುವಾಗ ಅದರ ಮೇಲೆ ಸಡಿಲವಾದ ಹೊದಿಕೆಯನ್ನಾಗಲಿ ಮಗ್ಗುಲಲ್ಲಿ ಮೆತ್ತನೆಯ ವಸ್ತುಗಳನ್ನಾಗಲಿ ಇಡಬಾರದೆಂದೂ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತನೆ ಮಲಗಿಸಬೇಕೆಂದೂ ಈಗಿನ ವೈದ್ಯರು ಹೇಳುತ್ತಾರೆ. ಯಾಕಂದರೆ ಹೊದಿಕೆಯು ಸರಿದು ಮುಖವನ್ನು ಮುಚ್ಚಿದರೆ ಅದನ್ನು ತೆಗೆದುಹಾಕುವ ಶಕ್ತಿ ಆ ಕೈಗಳಿಗಿಲ್ಲ. ನಮ್ಮ ಅಜ್ಜಿಯರು ಹೊದಿಸುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಹೊದಿಸುತ್ತಿದ್ದರು, ನಿಜ, ಆದರೆ ಅಪಾಯವು ತಿಳಿದ ಮೇಲೆ ಅದನ್ನೇ ಮಾಡುವುದು ಅಜ್ಜಿಯರಿಗೆ ತೋರಿಸುವ ಗೌರವವಲ್ಲ. ಹಾಗಾದರೆ ಕೌದಿಯು ನಿರರ್ಥಕವೋ? ಎಂದಿಗೂ ಅಲ್ಲ. ಎಚ್ಚತ್ತಿರುವ ಕೂಸು ದೊಡ್ಡವರ ಕಣ್ಣೆದುರಿನಲ್ಲಿ ನೆಲದ ಮೇಲೆ ಹೊರಳಲಿಕ್ಕೂ ಬೋರಲಾಗಿ ತಲೆ ಎತ್ತಲು ಕಲಿಯಲಿಕ್ಕೂ ಅದು ಉತ್ತಮವಾದ ಹಾಸು. ಮಗುವು ದೊಡ್ಡದಾದ ಬಳಿಕ ಅದೇ ಕೌದಿಯು ಹೊದಿಕೆಯಾಗುವುದು.

ಅಪೊಸ್ತಲರ ಕೃತ್ಯಗಳ ೯ನೆಯ ಅಧ್ಯಾಯದಲ್ಲಿ ಯೊಪ್ಪದ ತಬಿಥಳ ವೃತ್ತಾಂತವನ್ನು ಓದುತ್ತೇವೆ. ಆಕೆಯು ಸತ್ತಾಗ ವಿಧವೆಯರು ಅಳುತ್ತ, ಆಕೆ ಮಾಡಿಕೊಟ್ಟಿದ್ದ ಬಟ್ಟೆಗಳನ್ನು ಪೇತ್ರನಿಗೆ ತೋರಿಸಿದರು. ಆಕೆಯ ಮಾತೊಂದಾದರೂ ಅಲ್ಲಿ ಬರೆದಿಲ್ಲ, ಕೈಕೆಲಸವೇ ಸಾಕ್ಷಿಯಾಯಿತು. ವಿದ್ಯಾರ್ಥಿನಿಯರೇ, ಈ ರಜೆಯಲ್ಲಿ ನಿಮ್ಮ ನೆರೆಹೊರೆಯಲ್ಲಿ ಹೆರಿಗೆಯಾದ ಒಂದು ಬಡ ಮನೆಯನ್ನು ನೆನೆಯಿರಿ. ಕೌದಿಯನ್ನು ಹೊಲಿದು, ಒಗೆದು, ಮಡಚಿ ಆ ತಾಯಿಗೆ ಕೊಡಿರಿ. ಅದನ್ನು ಹೇಗೆ ಬಳಸಬೇಕೆಂಬುದನ್ನೂ ಆಕೆಯ ಬಳಿ ಕುಳಿತು ಸ್ನೇಹದಿಂದ ತಿಳಿಸಿರಿ. ಆ ಮಾತನ್ನು ಹೇಳಿದ ಮೇಲೆಯೇ ನಿಮ್ಮ ಕಾಣಿಕೆಯು ಪೂರ್ತಿಯಾಗುವುದು.