ಸರ್ವರ್ ಡೌನ್ ಆದ್ರೆ ಉತಾರ ಎಲ್ಲಿರುತ್ತೆ? ಸ್ಯಾನ್ ಬಗ್ಗೆ ಒಂದಿಷ್ಟು

ಜುಲೈ ಕೊನೆಯ ವಾರ. ಬೆಳೆವಿಮೆ ತುಂಬೋಕೆ ಅಜ್ಜನ ಜೊತೆ ನವಲಗುಂದ ಕಡೆಯ ಒಂದು ಕೌಂಟರ್ ಮುಂದೆ ನಿಂತಿದ್ದೆ. ಯಾವ ಕೌಂಟರ್ ಅನ್ನೋದು ಬೇಡ. ಹನ್ನೊಂದು ಗಂಟೆಗೆ ಒಳಗಿಂದ ಮಾತು ಬಂತು: "ಸರ್ವರ್ ಡೌನ್ ಐತ್ರಿ, ಮಧ್ಯಾಹ್ನದ ಮ್ಯಾಲೆ ಬರ್ರಿ." ಅಜ್ಜ ನನ್ನ ಕಡೆ ತಿರುಗಿ ಕೇಳಿದ: "ಕಂಪ್ಯೂಟರ್ ಕಲಿಯಾಕತ್ತಿಯಲ್ಲೋ ತಮ್ಮಾ, ಈ ಸರ್ವರ್ ಯಾಕ ಬೀಳತೈತಿ? ನಮ್ಮ ಉತಾರ ಅದರೊಳಗ ಐತೇನು? ಅದು ಬಿದ್ರ ಉತಾರಕ್ಕ ಏನೂ ಆಗೂದಿಲ್ಲಾ?"

ಮೊದಲನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಯ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಸರಿಯಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಸರ್ವರ್ ಬೀಳೋದೇ ಬೇರೆ, ಡೇಟಾ ಹೋಗೋದೇ ಬೇರೆ. ಈ ಎರಡನ್ನೂ ಬೇರೆ ಮಾಡಿ ಇಡೋದೇ ಸ್ಟೋರೇಜ್ ಏರಿಯಾ ನೆಟ್‌ವರ್ಕ್, ಅಂದ್ರೆ ಸ್ಯಾನ್. ನಮ್ಮ ಪಠ್ಯದಲ್ಲಿ ಇದಕ್ಕೆ ಸಿಗೋದು ಒಂದೆರಡು ಪುಟ ಅಷ್ಟೇ. ಹಾಗಾಗಿ ಉತಾರದ ಕಥೆಯಿಂದಲೇ ಶುರು ಮಾಡ್ತೀನಿ.

ಇಪ್ಪತ್ತೈದು ವರ್ಷದ ಹಿಂದೆ ಉತಾರ ತಲಾಠಿಯ ಪುಸ್ತಕದಲ್ಲಿತ್ತು. ರಾಜ್ಯದಲ್ಲಿ ಅಂಥ ಗ್ರಾಮ ಲೆಕ್ಕಿಗರು ಸುಮಾರು 9,000 ಜನ. ಭೂಮಿ ಯೋಜನೆ ಬಂದ ಮೇಲೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್‌ಗೆ ಹೋದವು. 15 ರೂಪಾಯಿ ಕೊಟ್ಟರೆ ಕೈಗೆ ಪ್ರಿಂಟ್ ಸಿಗುತ್ತಿತ್ತು. ಮೊದಮೊದಲು ಆ ಕಂಪ್ಯೂಟರ್ ಇದ್ದದ್ದು ಆಯಾ ತಾಲೂಕು ಕಚೇರಿಯಲ್ಲೇ. ನವಲಗುಂದದ ಡೇಟಾ ನವಲಗುಂದದಲ್ಲಿ, ಕುಂದಗೋಳದ್ದು ಕುಂದಗೋಳದಲ್ಲಿ, ಕಲಘಟಗಿಯದ್ದು ಕಲಘಟಗಿಯಲ್ಲಿ. ಆಮೇಲೆ ಎಲ್ಲಾ ಬೆಂಗಳೂರಿನ ರಾಜ್ಯ ಡೇಟಾ ಸೆಂಟರ್‌ಗೆ ಬಂತು.

ಮೊದಲನೇ ಪದ್ಧತಿ ಹಗೇವು ಇದ್ದ ಹಾಗೆ. ಮನೆಗೊಂದು ಹಗೇವು, ಅದರಲ್ಲಿ ಆ ಮನೆಯ ಜೋಳ. ಒಂದು ಮನೆಯದ್ದು ಅರ್ಧ ಖಾಲಿ, ಪಕ್ಕದ ಮನೆಯಲ್ಲಿ ಜಾಗ ಸಾಲದೆ ಚೀಲ ಅಂಗಳದಲ್ಲಿ. ಒಂದಕ್ಕೆ ನೀರು ಹೊಕ್ಕರೆ ಆ ಮನೆಯ ವರ್ಷದ ಕಾಳು ಹೋಯ್ತು. ಸರ್ವರ್ ಒಳಗೇ ಡಿಸ್ಕ್ ಇಟ್ಟರೂ ಇದೇ ಪಾಡು. ಅಣ್ಣಿಗೇರಿ ನವಲಗುಂದದಿಂದ ಬೇರೆಯಾಗಿ ಹೊಸ ತಾಲೂಕು ಆಯ್ತಲ್ಲ, ಹಳೇ ಪದ್ಧತಿಯೇ ಇದ್ದಿದ್ದರೆ ಹೊಸ ಸರ್ವರ್, ಹೊಸ ಡಿಸ್ಕ್ ತಂದು ಡೇಟಾ ಒಡೆದು ಕಾಪಿ ಮಾಡಬೇಕಿತ್ತು. ನವಲಗುಂದದ ಡಿಸ್ಕ್‌ನಲ್ಲಿ ಖಾಲಿಯಾದ ಜಾಗ ಯಾರಿಗೂ ಉಪಯೋಗ ಇಲ್ಲ.

ಸ್ಯಾನ್‌ನಲ್ಲಿ ಡಿಸ್ಕ್‌ಗಳೆಲ್ಲಾ ಒಂದು ಕಡೆ, ಸರ್ವರ್‌ಗಳು ಇನ್ನೊಂದು ಕಡೆ. ನಡುವೆ ಸ್ಟೋರೇಜ್‌ಗೆ ಅಂತಲೇ ಬೇರೆ ನೆಟ್‌ವರ್ಕ್. ಅದು ಫೈಬರ್ ಚಾನೆಲ್ ಆಗಿರಬಹುದು, ಇಲ್ಲವೇ ಈಥರ್‌ನೆಟ್ ಮೇಲೆ ಓಡುವ ಐಸ್ಕಜಿ ಆಗಿರಬಹುದು. ಡಿಸ್ಕ್ ರಾಶಿಯಿಂದ ಒಂದು ಪಾಲು ಕತ್ತರಿಸಿ ಒಂದು ಸರ್ವರ್‌ಗೆ ಕೊಡ್ತಾರೆ. ಆ ಪಾಲಿಗೆ ಲನ್ ಅಂತಾರೆ. ಸರ್ವರ್‌ಗೆ ಅದು ತನ್ನ ಹೊಟ್ಟೆಯೊಳಗಿನ ಡಿಸ್ಕ್ ತರಾನೇ ಕಾಣುತ್ತೆ. ನ್ಯಾಸ್ ಜೊತೆ ಗೊಂದಲ ಮಾಡ್ಕೋಬೇಡಿ, ನಾನೂ ವೈವಾದಲ್ಲಿ ಮಾಡಿದ್ದೆ. ನ್ಯಾಸ್ ಕೊಡೋದು ಫೈಲ್, ಸ್ಯಾನ್ ಕೊಡೋದು ಬ್ಲಾಕ್.

ಲಾಭ ಇಲ್ಲೇ ಇದೆ. ಒಂದು ಸರ್ವರ್ ಸತ್ತರೆ ಅದೇ ಲನ್ ಅನ್ನು ಇನ್ನೊಂದು ಸರ್ವರ್‌ಗೆ ತೋರಿಸಿದರೆ ಆಯ್ತು, ಡೇಟಾ ಕದಲೋದೇ ಇಲ್ಲ. ಪ್ರತಿ ಸರ್ವರ್‌ಗೆ ಎರಡು ಕಾರ್ಡ್, ಎರಡು ಸ್ವಿಚ್, ಎರಡು ದಾರಿ ಇಡ್ತಾರೆ. ಒಂದು ಸ್ವಿಚ್ ಕೆಟ್ಟರೂ ಕೌಂಟರ್‌ನಲ್ಲಿ ನಿಂತವರಿಗೆ ಗೊತ್ತಾಗಲ್ಲ. ಬ್ಯಾಂಕ್, ಆಸ್ಪತ್ರೆ, ದೊಡ್ಡ ಕಾರ್ಖಾನೆಗಳು ದುಡ್ಡು ಸುರಿಯೋದು ಇದಕ್ಕೇ. ಹಾಗಂತ ಎಲ್ಲರಿಗೂ ಬೇಕಿಲ್ಲ. ನಾಲ್ಕು ಕಂಪ್ಯೂಟರ್ ಇರುವ ಜಿನ್ನಿಂಗ್ ಫ್ಯಾಕ್ಟರಿಗೆ ಒಂದು ಸಣ್ಣ ನ್ಯಾಸ್ ಮತ್ತು ಬೇರೆ ಕಡೆ ಇಟ್ಟ ಬ್ಯಾಕಪ್ ಸಾಕು. ಸ್ಯಾನ್ ಮಾರೋಕೆ ಬಂದವರನ್ನ ಚಹಾ ಕುಡಿಸಿ ಕಳಿಸಬಹುದು.

ಇನ್ನು ಆಪ್ಟಿಮೈಸೇಶನ್. ಜಾಗ ಎಷ್ಟು ಟಿಬಿ ಅಂತ ಎಲ್ಲರೂ ಕೇಳ್ತಾರೆ. ಸೆಕೆಂಡಿಗೆ ಎಷ್ಟು ಸಲ ಓದಬೇಕು, ಎಷ್ಟು ಸಲ ಬರೀಬೇಕು ಅಂತ ಕೇಳೋರು ಕಡಿಮೆ. ಅದೇ ಐಯಾಪ್ಸ್. 15,000 ಆರ್‌ಪಿಎಂ ಡಿಸ್ಕ್ ಒಂದು ಸೆಕೆಂಡಿಗೆ ಸುಮಾರು 180 ರ‍್ಯಾಂಡಮ್ ಕೆಲಸ ಮಾಡುತ್ತೆ. 1,000 ಐಯಾಪ್ಸ್ ಬೇಕು, ಅದರಲ್ಲಿ 700 ಓದು, 300 ಬರಹ ಅಂದುಕೊಳ್ಳಿ. ರೇಡ್ 5ರಲ್ಲಿ ಒಂದು ಬರಹಕ್ಕೆ ಒಳಗೆ ನಾಲ್ಕು ಕೆಲಸ: ಹಳೇ ಡೇಟಾ ಓದು, ಹಳೇ ಪ್ಯಾರಿಟಿ ಓದು, ಆಮೇಲೆ ಎರಡನ್ನೂ ಹೊಸದಾಗಿ ಬರಿ. ಒಟ್ಟು 700 + 1,200 = 1,900, ಅಂದ್ರೆ 11 ಡಿಸ್ಕ್. ರೇಡ್ 10ರಲ್ಲಿ ಒಂದು ಬರಹಕ್ಕೆ ಎರಡೇ ಕೆಲಸ. 700 + 600 = 1,300, 8 ಡಿಸ್ಕ್ ಸಾಕು. ಜಾಗಕ್ಕೆ ರೇಡ್ 5 ಅಗ್ಗ, ಬರಹ ಜಾಸ್ತಿ ಇದ್ದರೆ ಅದೇ ದುಬಾರಿ. ಈ ಲೆಕ್ಕವನ್ನ ವರ್ಷದ ಸರಾಸರಿ ಹಿಡಿದು ಮಾಡಿದರೆ ಜುಲೈ ಕೊನೆಯಲ್ಲಿ ಪಾಳಿ ರಸ್ತೆಗೆ ಬರುತ್ತೆ.

ಎಸ್‌ಎಸ್‌ಡಿ ಹಾಕಿದರೆ ಮೇಲಿನ ಚಿಂತೆ ಬಹಳಷ್ಟು ಕಡಿಮೆ ಆಗುತ್ತೆ, ಆದರೆ ಪಾಳಿ ಹೋಗಲ್ಲ. ಒಂದು ಲನ್‌ಗೆ ಕ್ಯೂ ಡೆಪ್ತ್ 32, ಅಂದ್ರೆ ಒಂದೇ ಹೊತ್ತಿಗೆ 32 ಕೆಲಸ ಮಾತ್ರ ಬಾಗಿಲ ಒಳಗೆ, ಉಳಿದವು ಹೊರಗೆ. ಒಂದೊಂದಕ್ಕೆ 4 ಮಿಲಿಸೆಕೆಂಡ್ ಹಿಡಿದರೆ 32 ÷ 0.004 = 8,000 ಐಯಾಪ್ಸ್. ಹಗಲು ಹೊತ್ತಿನಲ್ಲಿ ಯಾರೋ ಬ್ಯಾಕಪ್ ಶುರು ಮಾಡಿ, ಒಂದೊಂದಕ್ಕೂ 20 ಮಿಲಿಸೆಕೆಂಡ್ ಆಯ್ತು ಅನ್ನಿ. ಅದೇ ಯಂತ್ರ, ಅದೇ ಡಿಸ್ಕ್, ಈಗ 1,600. ಇಲ್ಲಿ ಜನ ಮಾಡೋ ತಪ್ಪು ಅಂದ್ರೆ ದಪ್ಪ ಪೈಪ್ ಕೊಳ್ಳೋದು. ಡೇಟಾಬೇಸ್ 8 ಕೆಬಿ ತುಂಡುಗಳಲ್ಲಿ ಓದಿದರೆ 8,000 ಐಯಾಪ್ಸ್‌ಗೂ ಸೆಕೆಂಡಿಗೆ 64 ಎಂಬಿ ಅಷ್ಟೇ. 16 ಗಿಗಾಬಿಟ್ ಫೈಬರ್ ಚಾನೆಲ್ ಸುಮಾರು 1,600 ಎಂಬಿ ಒಯ್ಯುತ್ತೆ. ರಸ್ತೆ ಖಾಲಿ ಇದೆ, ಕಾಯ್ತಿರೋದು ಬಾಗಿಲಲ್ಲಿ. ಬ್ಯಾಕಪ್ ಅನ್ನು ರಾತ್ರಿಗೆ ಹಾಕಿದರೆ ಒಂದು ಪೈಸೆ ಖರ್ಚಿಲ್ಲದೆ ಅರ್ಧ ಸಮಸ್ಯೆ ಮುಗೀತು.

ಬ್ಯಾಕಪ್ ಅಂದೆ, ಅದನ್ನ ಸ್ಯಾನ್ ಮಾಡಲ್ಲ. ಯಾರಾದ್ರೂ ತಪ್ಪಿ ಒಂದು ಟೇಬಲ್ ಅಳಿಸಿದರೆ ರೇಡ್ ಅದನ್ನ ಎರಡೂ ಡಿಸ್ಕ್‌ನಲ್ಲಿ ನಿಷ್ಠೆಯಿಂದ ಅಳಿಸುತ್ತೆ. ಇನ್ನೊಂದು ಊರಲ್ಲಿ ಪ್ರತಿ ಇಡೋದಕ್ಕೂ ಒಂದು ಮಿತಿ ಇದೆ. ಫೈಬರ್‌ನಲ್ಲಿ ಬೆಳಕಿಗೆ ಕಿಲೋಮೀಟರಿಗೆ 5 ಮೈಕ್ರೋಸೆಕೆಂಡ್ ಬೇಕು. ಧಾರವಾಡದಿಂದ ಬೆಂಗಳೂರು ಸುಮಾರು 430 ಕಿ.ಮೀ. ಹೋಗಿ ಬರೋಕೆ ಕಮ್ಮಿ ಅಂದ್ರೂ 4.3 ಮಿಲಿಸೆಕೆಂಡ್. ಪ್ರತಿ ಬರಹವೂ ಅಲ್ಲಿಂದ "ಮುಟ್ಟಿತು" ಅನ್ನೋವರೆಗೆ ಕಾದರೆ ಮೇಲಿನ 4 ಮಿಲಿಸೆಕೆಂಡ್ ಎರಡು ಪಟ್ಟಾಯ್ತು. ಅದಕ್ಕೇ ಇಷ್ಟು ದೂರಕ್ಕೆ ಸಾಮಾನ್ಯವಾಗಿ ಸ್ವಲ್ಪ ಹಿಂದೆ ಬಿದ್ದು ಬರುವ ಪ್ರತಿ ಇಡ್ತಾರೆ, ಆ ಕೆಲವು ಸೆಕೆಂಡಿನ ಬರಹ ಹೋಗಬಹುದು ಅಂತ ಒಪ್ಪಿಕೊಂಡೇ.

ಇಷ್ಟನ್ನೂ ಹಗೇವು ಸೇರಿಸಿ ಅಜ್ಜನಿಗೆ ಕಟ್ಟೆ ಮೇಲೆ ಕೂತು ಹೇಳಿದೆ. ಮೂರು ಗಂಟೆಗೆ ನಮ್ಮ ಕೆಲಸ ಆಯ್ತು. ಬೆಳಿಗ್ಗೆ ಬಿದ್ದದ್ದು ಸರ್ವರ್ ಅಲ್ಲವೇ ಅಲ್ಲವಂತೆ. ರಸ್ತೆ ಅಗೆಯುವಾಗ ಜೆಸಿಬಿಗೆ ಸಿಕ್ಕಿ ಕೇಬಲ್ ತುಂಡಾಗಿತ್ತು.