ಆಮಂತ್ರಣ ಪತ್ರಿಕೆಯೂ ಕರಡಚ್ಚೂ

ಮದುವೆಯ ಆಮಂತ್ರಣ ಪತ್ರಿಕೆಯನ್ನು ಕೈಗೆತ್ತಿಕೊಂಡವರು ಮೊದಲು ನೋಡುವುದು ಅದರ ಬಣ್ಣವನ್ನು, ಗಣಪತಿಯ ಚಿತ್ರವನ್ನು, ಕಾಗದದ ದಪ್ಪವನ್ನು. ಅಕ್ಷರಗಳನ್ನು ಓದುವವರು ಕಡಿಮೆ. ಓದಿದರೂ ದಿನ, ಹೊತ್ತು, ಸ್ಥಳ ಇಷ್ಟನ್ನು ನೋಡಿ ಬದಿಗಿಡುವರು. ಕಾಸರಗೋಡು ಸೀಮೆಯಲ್ಲಿ ಇಂತಹ ಪತ್ರಿಕೆಗಳನ್ನು ರಚಿಸಿ ಅಚ್ಚುಹಾಕಿ ಕೊಡುವ ಸಣ್ಣ ಉದ್ಯಮವನ್ನು ನಡೆಸುತ್ತಿರುವ ನಮಗೆ ಕಷ್ಟನಷ್ಟಗಳು ಬಂದಿರುವುದು ಬಹುಮಟ್ಟಿಗೆ ಹೀಗೆ ಓದದೆ ಬಿಟ್ಟ ಅಕ್ಷರಗಳಿಂದಲೇ. ಕನ್ನಡ ಶಾಲೆಯ ವಿದ್ಯಾರ್ಥಿಗಳಿಗೆ ಈ ವಿಷಯವು ಕೇವಲ ಪರರ ವ್ಯಾಪಾರದ ಸಂಗತಿಯಲ್ಲವೆಂದು ತೋರಿದುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಉಳಿದ ತೊಂದರೆಗಳನ್ನು ಮೊದಲು ಹೇಳಿ ಮುಗಿಸುವೆವು. ಚಿತ್ರ ಮುದ್ರಿಸಿದ ಬರಿಯ ಕಾರ್ಡುಗಳು ಶಿವಕಾಶಿ ಮೊದಲಾದ ಕಡೆಗಳಿಂದ ಬರುತ್ತವೆ. ಅವುಗಳ ಬೆಲೆ ಎಲ್ಲರಿಗೂ ಗೊತ್ತು. ನಮ್ಮ ಪಾಲಿಗೆ ಉಳಿಯುವುದು ಬರವಣಿಗೆ, ಜೋಡಣೆ, ಅಚ್ಚು ಇವುಗಳ ಕೂಲಿ. ಮೂರು ಮಾದರಿ ಬರೆಯಿಸಿಕೊಂಡು, ಫೋನಿನಲ್ಲಿ ಚಿತ್ರ ತೆಗೆದು, ಬೇರೊಂದು ಅಚ್ಚುಕೂಟಕ್ಕೆ ಒಯ್ಯುವವರು ಇದ್ದಾರೆ. ಆಟಿ ತಿಂಗಳಲ್ಲಿ ಮದುವೆಗಳಿಲ್ಲ, ಕೆಲಸವೂ ಇಲ್ಲ. ಮಳೆಯ ತೇವದಲ್ಲಿ ಸ್ಕ್ರೀನ್ ಮುದ್ರಣದ ಶಾಯಿಯೂ ಬೇಗ ಒಣಗದು. ಹಿಂದೆ 500 ಪ್ರತಿ ಕೇಳುತ್ತಿದ್ದ ಮನೆಯವರು ಈಗ 100 ಸಾಕೆಂದು, ಮಿಕ್ಕವರಿಗೆ ಫೋನಿನಲ್ಲಿ ಕಳುಹಿಸುವೆವೆನ್ನುತ್ತಾರೆ. ಇವೆಲ್ಲ ವ್ಯಾಪಾರದಲ್ಲಿ ಇರತಕ್ಕವೇ.

ಕಠಿನವಾದುದು ಹಸ್ತಪ್ರತಿಯ ವಿಷಯ. ನಮ್ಮ ಸೀಮೆಯಲ್ಲಿ ತುಳು, ಕೊಂಕಣಿ, ಮರಾಠಿ ಮನೆಮಾತಿನವರೂ ಮದುವೆಯ ಕಾಗದವನ್ನು ಕನ್ನಡದಲ್ಲಿ ಅಚ್ಚುಹಾಕಿಸುವ ರೂಢಿ ಹಿಂದಿನಿಂದ ಬಂದುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆಯೂ ಆ ರೂಢಿ ಬಿಡಲಿಲ್ಲ. ಆದರೆ ಮನೆಯ ಕಿರಿಯರು ಹಲವರು ಮಲಯಾಳ ಅಥವಾ ಇಂಗ್ಲಿಷ್ ಶಾಲೆಗಳಲ್ಲಿ ಕಲಿತವರು. ಅವರು ಕನ್ನಡದ ಒಕ್ಕಣೆಯನ್ನು ರೋಮನ್ ಲಿಪಿಯಲ್ಲಿ ಬರೆದು ಕಳುಹಿಸುತ್ತಾರೆ. ಆ ಲಿಪಿಯಲ್ಲಿ ಲಕಾರ ಳಕಾರಗಳಿಗೆ ಒಂದೇ ಅಕ್ಷರ. ನಕಾರ ಣಕಾರಗಳಿಗೂ ಹಾಗೆಯೇ. ಹ್ರಸ್ವ ದೀರ್ಘಗಳ ಭೇದವನ್ನು ಯಾರೂ ಪಾಲಿಸುವುದಿಲ್ಲ. ರಾಮ ಎಂಬ ಗಂಡುಹೆಸರೂ ರಮಾ ಎಂಬ ಹೆಣ್ಣುಹೆಸರೂ ಒಂದೇ ರೂಪದಲ್ಲಿ ಬಂದರೆ ಅದು ತಂದೆಯೋ ತಾಯಿಯೋ ಎಂದು ನಾವು ಊಹಿಸಬೇಕು. ಇನ್ನು ಕನ್ನಡ ಲಿಪಿಯಲ್ಲಿಯೇ ಬಂದರೂ ಅದು ಯೂನಿಕೋಡಿನಲ್ಲಿರುವುದು. ನಮ್ಮ ಹಳೆಯ ವಿನ್ಯಾಸ ತಂತ್ರಾಂಶಕ್ಕೆ ಅದು ಒಗ್ಗದು. ಹಳೆಯ ಅಕ್ಷರಶೈಲಿಗೆ ಪರಿವರ್ತಿಸುವಾಗ ಒತ್ತಕ್ಷರವೋ ಅರ್ಕಾವೊತ್ತೋ ಸ್ಥಾನ ತಪ್ಪುವುದುಂಟು. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಕೆಟ್ಟ ಮೊಳೆ ಬೆರಳಿಗೇ ತಿಳಿಯುತ್ತಿತ್ತು. ಈಗ ಕಣ್ಣೊಂದೇ ಗತಿ.

ಪಂಚಾಂಗದ ಸಾಲನ್ನು ಮಾತ್ರ ಅಚ್ಚುಕೂಟದಲ್ಲಿಯೇ ಪರೀಕ್ಷಿಸಬಹುದು, ಮತ್ತು ಇದನ್ನು ವಿದ್ಯಾರ್ಥಿಗಳು ಸುಲಭವಾಗಿ ಕಲಿಯಬಹುದು. ಕ್ರಿಸ್ತವರ್ಷದಿಂದ 78 ಕಳೆದರೆ ಶಾಲಿವಾಹನ ಶಕವರ್ಷ ದೊರೆಯುವುದು. ಜನವರಿಯಿಂದ ಯುಗಾದಿಯವರೆಗೆ 79 ಕಳೆಯಬೇಕು. 2025ರ ಯುಗಾದಿಯಿಂದ ಶಕವರ್ಷ 1947, ವಿಶ್ವಾವಸು ಸಂವತ್ಸರ. ಆದರೆ ಯಾರ ಯುಗಾದಿ? ಚಾಂದ್ರಮಾನದ ಯುಗಾದಿ ಆ ವರ್ಷ ಮಾರ್ಚ್ 30ಕ್ಕೆ ಬಂತು. ಸೌರಮಾನದ ವಿಷು ಏಪ್ರಿಲ್ 14ಕ್ಕೆ. ನಡುವಿನ ಎರಡು ವಾರಗಳಲ್ಲಿ ನಡೆಯುವ ಶುಭಕಾರ್ಯಕ್ಕೆ ಒಂದು ಮನೆಯವರು ವಿಶ್ವಾವಸುವೆಂದೂ ಇನ್ನೊಂದು ಮನೆಯವರು ಕ್ರೋಧಿಯೆಂದೂ ಬರೆದರೆ ಇಬ್ಬರದೂ ಸರಿಯೇ. ಇಲ್ಲಿ ತಿದ್ದಲು ಹೋದ ಮುದ್ರಕನೇ ತಪ್ಪುಗಾರ, ಕೇಳಿ ತಿಳಿಯಬೇಕು. ಲಗ್ನದ ಲೆಕ್ಕವೂ ಇಂತಹುದೇ. ಮೇಷ ಮಾಸದಲ್ಲಿ ಸೂರ್ಯನು ಮೇಷ ರಾಶಿಯಲ್ಲಿರುವುದರಿಂದ ಉದಯಕಾಲದಲ್ಲಿ ಮೇಷ ಲಗ್ನವಿರುವುದು. ಒಂದೊಂದು ಲಗ್ನಕ್ಕೆ ಸುಮಾರು ಎರಡು ಗಂಟೆಯಂತೆ ಎಣಿಸಿದರೆ ನಡುಹಗಲಿಗೆ ಕರ್ಕಾಟಕ ಲಗ್ನದ ಸುಮಾರಿಗೆ ಬರಬೇಕು. ಅದೇ ಮಾಸದಲ್ಲಿ ಹಗಲು 12 ಗಂಟೆಗೆ ವೃಶ್ಚಿಕ ಲಗ್ನವೆಂದು ಬರೆದಿದ್ದರೆ ಹೊತ್ತೋ ಲಗ್ನವೋ ಒಂದು ತಪ್ಪಿರಲೇಬೇಕು. ಹೀಗೆ ಎಷ್ಟೋ ತಪ್ಪುಗಳನ್ನು ನಾವು ಹಿಡಿದಿದ್ದೇವೆ.

ಹೆಸರುಗಳ ವಿಷಯದಲ್ಲಿ ಇಂತಹ ಲೆಕ್ಕ ನಡೆಯದು. ಕೆಲವು ವರ್ಷಗಳ ಹಿಂದೆ ವರನ ಕಡೆಯ ಪತ್ರಿಕೆಯೊಂದು ನಮ್ಮಲ್ಲಿಗೆ ಬಂತು. ಒಕ್ಕಣೆ ಕಳುಹಿಸಿದವನು ದೂರದ ಪಟ್ಟಣದಲ್ಲಿ ಕೆಲಸಕ್ಕಿದ್ದ ಮೊಮ್ಮಗ. ಅಜ್ಜಂದಿರಿಬ್ಬರಲ್ಲಿ ತಾಯಿಯ ತಂದೆ ತೀರಿಹೋಗಿದ್ದರು. ಸಾಲುಗಳನ್ನು ಹಿಂದುಮುಂದು ಜೋಡಿಸುವಾಗ ‘ದಿ||’ ಎಂಬ ಆ ಒಂದು ಅಕ್ಷರವು ನಮ್ಮ ಕೈಯಿಂದಲೇ ತಂದೆಯ ತಂದೆಯ ಹೆಸರಿನ ಹಿಂದೆ ಕುಳಿತಿತು. ಕರಡಚ್ಚನ್ನು ಫೋನಿನಲ್ಲಿ ಕಳುಹಿಸಿದೆವು. ಒಂದು ನಿಮಿಷದೊಳಗೆ ಕೈಮುಗಿದ ಗುರುತಿನೊಂದಿಗೆ ‘ಓಕೆ’ ಎಂದು ಉತ್ತರ ಬಂತು. 500 ಪ್ರತಿಗಳು ಅಚ್ಚಾಗಿ, ಮಡಿಕೆಯಾಗಿ, ಕಟ್ಟು ಕಟ್ಟಿ ಹೋದವು.

ಮೂರನೆಯ ದಿನ ಆ ಅಜ್ಜನವರೇ ಕೊಡೆ ಹಿಡಿದುಕೊಂಡು ಅಂಗಡಿಗೆ ಬಂದರು. ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟರು. ನಮಗೆ ಮಾತೇ ಹೊರಡಲಿಲ್ಲ. ಅವರು ಸಿಟ್ಟಾಗಲಿಲ್ಲ. “ನಾನು ಮನೆಯಲ್ಲಿಯೇ ಇದ್ದೆ ಮಾರಾಯರೆ, ನನಗೊಮ್ಮೆ ತೋರಿಸಬಹುದಿತ್ತಲ್ಲವೆ? ಕನ್ನಡ ಓದಲು ಬರುವವನು ಆ ಮನೆಯಲ್ಲಿ ಈಗ ನಾನೊಬ್ಬನೇ” ಎಂದರು. ಎರಡನೆಯ ಸಲದ ಅಚ್ಚಿನ ಖರ್ಚನ್ನು ನಾವೇ ಹೊತ್ತೆವು. ಆ ತಿಂಗಳ ಲಾಭವೆಲ್ಲ ಅದಕ್ಕೆ ಸಂದಿತು. ಆದರೆ ನೆನಪಿನಲ್ಲಿ ಉಳಿದುದು ಹಣವಲ್ಲ, ಅವರ ಆ ಮಾತು. ಫೋನು ಯಾರ ಕೈಯಲ್ಲಿದೆಯೋ ಅವರಿಗೆ ಕರಡಚ್ಚು ಹೋಗುತ್ತಿತ್ತು, ಓದಬಲ್ಲವರಿಗೆ ಹೋಗುತ್ತಿರಲಿಲ್ಲ.

ಅಂದಿನಿಂದ ಕರಡಚ್ಚನ್ನು ಕಾಗದದ ಮೇಲೆಯೇ ತೆಗೆದು ಕೊಡುತ್ತೇವೆ. ಮನೆಯಲ್ಲಿ ಕನ್ನಡ ಓದಬಲ್ಲವರು ಯಾರೆಂದು ಕೇಳಿ, ಅವರು ಗಟ್ಟಿಯಾಗಿ ಓದಿ ಕೆಳಗೆ ಸಹಿ ಹಾಕಿದ ಹೊರತು ಅಚ್ಚಿಗೆ ಹಾಕುವುದಿಲ್ಲ. ಇದರಿಂದ ಎರಡು ದಿನ ತಡವಾಗುತ್ತದೆ. ತಡವೆಂದು ಬೇರೆ ಕಡೆಗೆ ಹೋದವರೂ ಇದ್ದಾರೆ. ಸಹಿ ಹಾಕುವವರು ಹೆಚ್ಚಾಗಿ ಅಜ್ಜ ಅಜ್ಜಿಯರು. ಅಪರೂಪಕ್ಕೆ ಶಾಲೆಯ ಮಕ್ಕಳು. ಕಳೆದ ಮೇಷ ಮಾಸದಲ್ಲಿ ಕನ್ನಡ ಶಾಲೆಯ ಏಳನೆಯ ತರಗತಿಯ ಹುಡುಗಿಯೊಬ್ಬಳು ಅಜ್ಜಿಯೊಡನೆ ಬಂದು ತನ್ನ ಚಿಕ್ಕಮ್ಮನ ಮದುವೆಯ ಕರಡಚ್ಚನ್ನು ನಮ್ಮ ಬೆಂಚಿನ ಮೇಲೆ ಕುಳಿತು ಓದಿದಳು. ನಡುವೆ ತಡೆದು, “ಅಜ್ಜಿಯ ಹೆಸರು ನಳಿನಿ, ಇಲ್ಲಿ ನಲಿನಿ ಎಂದಿದೆ” ಎಂದಳು. ಅಜ್ಜಿಯು, “ಇರಲಿ ಮಗಾ, ರೇಶನ್ ಕಾರ್ಡಿನಲ್ಲಿ ಅದಕ್ಕಿಂತ ಕೆಟ್ಟದಾಗಿದೆ” ಎಂದರು. ಹುಡುಗಿ ಒಪ್ಪಲಿಲ್ಲ. ಪೆನ್ಸಿಲು ಕೇಳಿ ಪಡೆದು, ಲಕಾರವನ್ನು ಹೊಡೆದುಹಾಕಿ, ಅಂಚಿನಲ್ಲಿ ದೊಡ್ಡದಾಗಿ ಳಕಾರವನ್ನು ಬರೆದಳು. 350 ಪತ್ರಿಕೆಗಳು ಮರುದಿನ ಅಚ್ಚಾದವು.