ಟೈಟಾನಿಯಂ ಟಾರ್ಚು ಹೋಲಿಸಿ ಹೋಲಿಸಿ ಕಲಿತದ್ದು

ಮುಷ್ಟಿಯೊಳಗೆ ಮುಚ್ಚಿಹೋಗುವ ಟಾರ್ಚಿಗೆ ಹತ್ತು ಹದಿನೈದು ಸಾವಿರ ರೂಪಾಯಿ ಕೊಡುವವರಿದ್ದಾರೆ ಎಂದರೆ ಊರ ಕಡೆ ಯಾರೂ ನಂಬುವುದಿಲ್ಲ. ಇದ್ದಾರೆ, ಅವರಲ್ಲಿ ನಾನೂ ಒಬ್ಬ. ಹವಾಯಿಯ ಮ್ಯಾಕ್‌ಗಿಜ್ಮೊ ಹೈಕುವಿನಂಥ ಟಾರ್ಚುಗಳ ಬೆಲೆ ಅದಕ್ಕಿಂತ ಬಹಳ ಹೆಚ್ಚು. ಅದನ್ನು ನಾನು ಇನ್ನೊಬ್ಬರ ಕೈಯಲ್ಲಿ ನೋಡಿದ್ದಷ್ಟೇ. ಮೊನ್ನೆ ಸಾಗರದ ಕಡೆಯ ನನ್ನ ಚಿಕ್ಕಪ್ಪ ತಮ್ಮ ಪ್ಲಾಸ್ಟಿಕ್ ಟಾರ್ಚನ್ನು ಎತ್ತಿ ತೋರಿಸಿ, "ಇದ್ರಲ್ಲೂ ಬೆಳಕು ಬರ್ತದಲ್ಲ ಮಾರಾಯ, ಮತ್ತೆಂಥ ಬೇಕು ನಿಂಗೆ?" ಎಂದರು. ಉತ್ತರ ತೋಚಲಿಲ್ಲ. ಇಂಥ ಟಾರ್ಚುಗಳಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳುವವರಿಗೂ ನನ್ನಲ್ಲಿ ನೇರ ಉತ್ತರವಿಲ್ಲ. ಹೇಗೆಲ್ಲ ತಪ್ಪಾಗಿ ಹೋಲಿಸಿದೆ ಎಂಬುದನ್ನು ಮಾತ್ರ ಹೇಳಬಲ್ಲೆ.

1. ಹಗುರವೆಂದು ಟೈಟಾನಿಯಂ ಕೊಳ್ಳಬೇಡಿ

ವಿಮಾನಕ್ಕೆ ಬಳಸುವ ಲೋಹ, ಆದ್ದರಿಂದ ಹಗುರ ಎಂಬ ಲೆಕ್ಕದಲ್ಲೇ ಮೊದಲನೆಯದನ್ನು ಕೊಂಡೆ. ಅಂಗಿಯ ಜೇಬು ಜೋತುಬಿದ್ದಾಗ ಅನುಮಾನ ಬಂತು. ಟೈಟಾನಿಯಂ ಹಗುರವೆನ್ನುವುದು ಉಕ್ಕಿನ ಪಕ್ಕದಲ್ಲಿಟ್ಟಾಗ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ ಟೈಟಾನಿಯಂ ಸುಮಾರು 4.5 ಗ್ರಾಂ, ಅಲ್ಯೂಮಿನಿಯಂ ಬರೀ 2.7 ಗ್ರಾಂ. ಟಾರ್ಚುಗಳಲ್ಲಿ ಹೆಚ್ಚಾಗಿ ಬಳಸುವ ಗ್ರೇಡ್ 5 ಟೈಟಾನಿಯಂನಲ್ಲಿ ಶೇ. 6ರಷ್ಟು ಅಲ್ಯೂಮಿನಿಯಂ, ಶೇ. 4ರಷ್ಟು ವೆನೇಡಿಯಂ ಬೆರೆತಿರುತ್ತದೆ. ಗಟ್ಟಿ ಲೋಹವೇನೋ ಹೌದು. ಆದರೆ ಬ್ಯಾಟರಿ ತುಂಬಿದ ಕೊಳವೆಗೆ ಅಷ್ಟು ಗಟ್ಟಿತನ ಯಾಕೆ ಎಂದು ನಾನು ಕೇಳಿಕೊಂಡಿರಲೇ ಇಲ್ಲ.

2. ಕೈಗೆ ತಣ್ಣಗಿದ್ದರೆ ಸಂತೋಷಪಡಬೇಡಿ

ನಾನು ತೀರಾ ನಾಚಿಕೊಳ್ಳುವ ಪಾಠ ಇದು. ಒಂದೇ ಮಾದರಿಯ ಅಲ್ಯೂಮಿನಿಯಂ, ಟೈಟಾನಿಯಂ ಎರಡೂ ಟಾರ್ಚುಗಳನ್ನು ಪೂರ್ತಿ ಪ್ರಖರತೆಯಲ್ಲಿ ಒಟ್ಟಿಗೆ ಉರಿಸಿದೆ. ಅಲ್ಯೂಮಿನಿಯಂನದು ಬೇಗನೆ ಬಿಸಿಯಾಯಿತು, ಟೈಟಾನಿಯಂನ ಹಿಡಿ ತಣ್ಣಗೇ ಇತ್ತು. "ಎಂಥ ಲೋಹ ನೋಡಿ, ಬಿಸಿಯೇ ಆಗುವುದಿಲ್ಲ" ಎಂದು ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದೆ. ಅವರಲ್ಲಿ ಒಬ್ಬ ನನ್ನ ಮಾತು ನಂಬಿ ಕೊಂಡೂಬಿಟ್ಟ.

ಸಾರು ಕುದಿಯುತ್ತಿದ್ದರೂ ಸ್ಟೀಲ್ ಸೌಟಿನ ಹಿಡಿ ತಣ್ಣಗಿರುವುದಿಲ್ಲವೇ, ಇದೂ ಹಾಗೆಯೇ. ಶಾಖ ಹುಟ್ಟದೆ ಇದ್ದದ್ದಲ್ಲ; ಹುಟ್ಟಿದ್ದು ತಲೆಯ ಭಾಗದಲ್ಲೇ ಸಿಕ್ಕಿಬಿದ್ದಿತ್ತು. ಶಾಖವನ್ನು ಸಾಗಿಸುವ ಗುಣಕ್ಕೆ ಒಂದು ಅಳತೆ ಇದೆ. ಅದರಲ್ಲಿ ತಾಮ್ರದ್ದು ಸುಮಾರು 400, ಟಾರ್ಚುಗಳಲ್ಲಿ ಸಾಮಾನ್ಯವಾಗಿ ಬಳಸುವ 6061 ಅಲ್ಯೂಮಿನಿಯಂನದು ಸುಮಾರು 167, ಗ್ರೇಡ್ 5 ಟೈಟಾನಿಯಂನದು 7ರ ಆಸುಪಾಸು. ಈ ವಿಷಯದಲ್ಲಿ ಟೈಟಾನಿಯಂಗಿಂತ ಸ್ಟೇನ್‌ಲೆಸ್ ಸ್ಟೀಲೇ ವಾಸಿ. ಎಲ್‌ಇಡಿ ಬಿಸಿಯಾದಷ್ಟೂ ಅದರ ಬೆಳಕು ಕುಗ್ಗುತ್ತದೆ, ಆಯುಸ್ಸೂ ಕಮ್ಮಿಯಾಗುತ್ತದೆ. ಅದಕ್ಕೇ ಒಳಗಿನ ಸರ್ಕ್ಯೂಟು ತಾನಾಗಿಯೇ ಬೆಳಕನ್ನು ಇಳಿಸುತ್ತದೆ, ಟೈಟಾನಿಯಂನಲ್ಲಿ ಈ ಇಳಿತ ಬೇಗ ಬರುತ್ತದೆ. ನಾನು ಮೆಚ್ಚಿಕೊಂಡ ಆ ತಣ್ಣನೆಯ ಹಿಡಿ ಟಾರ್ಚಿನ ಮುಖ್ಯ ದೋಷವಾಗಿತ್ತು.

ಜಾಣ ತಯಾರಕರು ಎಲ್‌ಇಡಿಯ ಬೆನ್ನಿಗೆ ತಾಮ್ರ ಕೂರಿಸುತ್ತಾರೆ. ಕೆಲವರು ಇಡೀ ತಲೆಯನ್ನೇ ತಾಮ್ರದಲ್ಲಿ ಮಾಡಿ ಕೊಳವೆಯನ್ನಷ್ಟೇ ಟೈಟಾನಿಯಂನಲ್ಲಿ ಮಾಡುತ್ತಾರೆ. ಈಗ ಎರಡು ಟಾರ್ಚು ಹೋಲಿಸುವಾಗ ನಾನು ಮೊದಲು ಕೇಳುವುದು ತಲೆಯೊಳಗೆ ಏನಿದೆ ಎಂದು. ಹೊರಗಿನ ಹೊಳಪು ಆಮೇಲೆ.

3. ಡಬ್ಬಿಯ ಮೇಲಿನ ಅಂಕಿ ಸುಳ್ಳಲ್ಲ, ಆದರೂ ನಂಬಬೇಡಿ

ಲುಮೆನ್, ದೂರ, ಎಷ್ಟು ಹೊತ್ತು ಉರಿಯುತ್ತದೆ, ಇವನ್ನೆಲ್ಲ ಅಳೆಯಲು ಎಫ್‌ಎಲ್1 ಎಂಬ ಅಮೆರಿಕದ ಮಾನದಂಡವಿದೆ, 2009ರಲ್ಲಿ ಬಂದದ್ದು. ಅದರ ನಿಯಮ ಓದುವ ಮೊದಲು ನಾನು ಅಂಕಿಗಳ ಕೋಷ್ಟಕ ಮಾಡಿಕೊಂಡು ಬೀಗುತ್ತಿದ್ದೆ. ಓದಿದ ಮೇಲೆ ಕೋಷ್ಟಕ ಅಳಿಸಿದೆ. ಲುಮೆನ್ ಅಳೆಯುವುದು ಟಾರ್ಚು ಹೊತ್ತಿಸಿದ 30 ಸೆಕೆಂಡಿನಿಂದ ಎರಡು ನಿಮಿಷದೊಳಗೆ. ಮೂರನೆಯ ನಿಮಿಷದಲ್ಲಿ ಬೆಳಕು ಅರ್ಧಕ್ಕಿಳಿದರೂ ಡಬ್ಬಿಯ ಅಂಕಿಗೆ ಧಕ್ಕೆಯಿಲ್ಲ. ಉರಿಯುವ ಅವಧಿ ಎಂದರೆ ಬೆಳಕು ಮೊದಲಿನ ಶೇ. 10ಕ್ಕೆ ಇಳಿಯುವವರೆಗಿನ ಸಮಯ. ಬೇಗನೆ ಶೇ. 12ಕ್ಕೆ ಇಳಿದು ಗಂಟೆಗಟ್ಟಲೆ ಮಿಣಮಿಣ ಎನ್ನುವ ಟಾರ್ಚಿಗೂ ಹೀಗೆ ದೊಡ್ಡ ಅಂಕಿ ಸಿಗುತ್ತದೆ. ದೂರದ್ದಂತೂ ಇನ್ನೂ ತಮಾಷೆ. ಬೆಳಕು 0.25 ಲಕ್ಸ್‌ಗೆ, ಅಂದರೆ ಹೆಚ್ಚುಕಮ್ಮಿ ಹುಣ್ಣಿಮೆಯ ಬೆಳಕಿನ ಮಟ್ಟಕ್ಕೆ ಇಳಿಯುವ ಜಾಗವೇ ಅದರ 'ದೂರ'. 10,000 ಕ್ಯಾಂಡೆಲಾ ಇದ್ದರೆ ಲೆಕ್ಕದ ಪ್ರಕಾರ 200 ಮೀಟರ್. ಅಷ್ಟು ದೂರದಲ್ಲಿ ನಿಂತಿರುವುದು ದನವೋ ಪೊದೆಯೋ ಹೇಳಿ ನೋಡೋಣ.

ಮನೆಯಲ್ಲೂ ಅಳೆದೆ. ಬಚ್ಚಲಮನೆಯ ಕತ್ತಲಲ್ಲಿ ಟಾರ್ಚನ್ನು ಚಾವಣಿಗೆ ಗುರಿಯಿಟ್ಟು ನಿಲ್ಲಿಸಿ, ಪ್ರತಿಫಲಿಸಿ ಬಂದ ಬೆಳಕನ್ನು ಫೋನಿನಿಂದ ಅಳೆಯುವ ವಿಧಾನ. ಒಂದಕ್ಕೆ ಪೂರ್ತಿ ಚಾರ್ಜ್ ಆದ ಬ್ಯಾಟರಿ, ಇನ್ನೊಂದಕ್ಕೆ ಅರ್ಧ ಖಾಲಿಯಾದದ್ದು ಹಾಕಿ ತೀರ್ಪು ಕೊಟ್ಟುಬಿಟ್ಟಿದ್ದೆ.

4. ಎರಡು ಟಾರ್ಚಿನ ಬಣ್ಣವನ್ನು ಒಟ್ಟಿಗೆ ನೋಡಬೇಡಿ

ವಿಚಿತ್ರ ಎನಿಸಬಹುದು. ಹೋಲಿಸಬೇಕೆಂದರೆ ಪಕ್ಕಪಕ್ಕದಲ್ಲಿಟ್ಟು ನೋಡುವುದೇ ಸಹಜ. ನಾನೂ ಬಿಳಿ ಗೋಡೆಯ ಮೇಲೆ ಎರಡು ವೃತ್ತ ಬಿಟ್ಟು ನೋಡಿದೆ. ಒಂದು ಹಸಿರುಹಸಿರಾಗಿ ಕಂಡಿತೆಂದು ಅದನ್ನು ಕಡಿಮೆ ಬೆಲೆಗೆ ಮಾರಿಬಿಟ್ಟೆ. ಅದರ ಬಣ್ಣ ಸರಿಯಾಗಿಯೇ ಇತ್ತು. ಪಕ್ಕದ್ದು ತುಸು ಗುಲಾಬಿ ಛಾಯೆಯದಾಗಿದ್ದರಿಂದ ಇದು ಹಸಿರೆನಿಸಿತು, ಅಷ್ಟೇ. ಒಂದನ್ನೇ ಹಿಡಿದು ಹತ್ತು ನಿಮಿಷ ತೋಟ ಸುತ್ತಿದರೆ ಕಣ್ಣು ಹೊಂದಿಕೊಂಡು ನಿಜ ಹೇಳುತ್ತದೆ.

ಬಣ್ಣಕ್ಕೆ ಸಿಆರ್‌ಐ ಎಂಬ ಅಳತೆ ಇದೆ. ಅದು ಎಂಟು ಮೆಲುಬಣ್ಣಗಳ ಸರಾಸರಿ. ಗಾಢ ಕೆಂಪಿನ ಆರ್9 ಆ ಎಂಟರಲ್ಲಿ ಸೇರುವುದಿಲ್ಲ. ಹಾಗಾಗಿ ಸಿಆರ್‌ಐ 80 ಇರುವ ಎಲ್‌ಇಡಿಯ ಬೆಳಕಿನಲ್ಲಿ ಕುಂಕುಮ ಇಟ್ಟಿಗೆ ಪುಡಿಯ ಹಾಗೆ ಕಾಣಬಹುದು, ಕೆಂಪಡಿಕೆ ಮಂಕಾಗಿ ಕಾಣಬಹುದು. ಟಾರ್ಚಿನ ಹುಚ್ಚು ಹಿಡಿದವರು ಜಪಿಸುವ 219ಬಿ, 519ಎ ಎಂಬ ಎಲ್‌ಇಡಿಗಳು ಜಪಾನಿನ ನಿಚಿಯಾ ಕಂಪನಿಯವು. ನೀಲಿ ಎಲ್‌ಇಡಿಗಾಗಿ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರಾದ ಶುಜಿ ನಾಕಮುರ ಆ ಕೆಲಸ ಮಾಡಿದ್ದು ಅಲ್ಲಿಯೇ. ಲುಮೆನ್ ಸ್ವಲ್ಪ ಕಮ್ಮಿ ಕೊಟ್ಟು ಬಣ್ಣ ಚೆನ್ನಾಗಿ ಕೊಡುವವು ಇವು. ಒಮ್ಮೆ ರೂಢಿಯಾದರೆ ಬೇರೆ ಬೆಳಕಿನಲ್ಲಿ ಊಟದ ತಟ್ಟೆ ನೋಡುವುದೂ ಕಷ್ಟ.

5. ಎಷ್ಟು ಹೆಚ್ಚು ಅಂತಲ್ಲ, ಎಷ್ಟು ಕಮ್ಮಿ ಅಂತ ಕೇಳಿ

ರಾತ್ರಿ ಎದ್ದು ನೀರು ಕುಡಿಯುವಾಗ ಬೇಕಾಗುವುದು ಅರ್ಧ ಲುಮೆನ್. ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು ಅರ್ಧ ಗಂಟೆಯಾದರೂ ಬೇಕು, ಪ್ರಖರ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಸಾವಿರ ಲುಮೆನ್ನಿನದೆಂದು ಮೆರೆಸಿ ತಂದ ಟಾರ್ಚಿನ ಅತಿ ಕಡಿಮೆ ಬೆಳಕೇ 20 ಲುಮೆನ್ ಇತ್ತು. ಮನೆಯವರೆಲ್ಲ ಎದ್ದು ಕೂತರು. ಇನ್ನು ಕೆಲವು ಟಾರ್ಚುಗಳು ಬೆಳಕನ್ನು ಕಮ್ಮಿ ಮಾಡಲು ಎಲ್‌ಇಡಿಯನ್ನು ಪಟಪಟನೆ ಆರಿಸಿ ಹೊತ್ತಿಸುತ್ತಿರುತ್ತವೆ. ಓಡುವ ಫ್ಯಾನಿಗೆ ಹಿಡಿದರೆ ರೆಕ್ಕೆಗಳು ತುಂಡುತುಂಡಾಗಿ ನಿಂತಂತೆ ಕಾಣುತ್ತವೆ. ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಇದು.

6. ಗಾತ್ರ ಸರಿಹೋಯಿತೆಂದು ಬ್ಯಾಟರಿ ತುರುಕಬೇಡಿ

ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್ಲಿನ ಅಳತೆಯಲ್ಲೇ 14500 ಎಂಬ ಲಿಥಿಯಂ ಸೆಲ್ ಬರುತ್ತದೆ. ಎಎ 1.5 ವೋಲ್ಟ್, ಇದು ಪೂರ್ತಿ ಚಾರ್ಜ್ ಆದಾಗ 4.2. ಎಎಗೆಂದೇ ಮಾಡಿದ ಟಾರ್ಚಿಗೆ ಇದನ್ನು ಹಾಕಿದೆ. ಬೆಳಕು ಭರ್ಜರಿಯಾಗಿ ಬಂತು, ಬೆನ್ನಿಗೇ ಸುಟ್ಟ ವಾಸನೆಯೂ ಬಂತು.

7. ಅರ್ಧ ಸುತ್ತು ಬಿಚ್ಚಿಟ್ಟರೆ ಆರಿರುತ್ತದೆ ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ

ಅಲ್ಯೂಮಿನಿಯಂ ಟಾರ್ಚಿನ ಥ್ರೆಡ್ಡಿಗೆ ಆನೋಡೈಸ್ ಮಾಡಿದ್ದರೆ ಆ ಪದರದಲ್ಲಿ ವಿದ್ಯುತ್ ಹರಿಯುವುದಿಲ್ಲ. ಹಿಂದಿನ ಮುಚ್ಚಳವನ್ನು ಸ್ವಲ್ಪ ಸಡಿಲಿಸಿದರೆ ಸಾಕು, ಬ್ಯಾಗಿನಲ್ಲಿ ಗುಂಡಿ ಒತ್ತಿಹೋದರೂ ಹೊತ್ತಿಕೊಳ್ಳುವುದಿಲ್ಲ. ಟೈಟಾನಿಯಂನ ಥ್ರೆಡ್ಡು ಸಾಮಾನ್ಯವಾಗಿ ಬರಿಯ ಲೋಹ, ಸಡಿಲವಾಗಿದ್ದರೂ ವಿದ್ಯುತ್ ಹರಿಯುತ್ತದೆ. ಇದು ತಿಳಿಯದೆ ಸಡಿಲಿಸಿಟ್ಟು ಬಸ್ ಹತ್ತಿದೆ. ಬಟ್ಟೆಯ ನಡುವೆ ಹೊತ್ತಿಕೊಂಡು ಒಂದು ಒಳ್ಳೆಯ ಟವೆಲ್ಲಿಗೆ ಕಂದು ವೃತ್ತ ಬಿತ್ತು. ಬ್ಯಾಗಿಗೆ ಹಾಕುವ ಮುಂಚೆ ಸರ್ಕ್ಯೂಟಿನಲ್ಲೇ ಬೀಗದ ಸೌಲಭ್ಯವಿದ್ದರೆ ಅದನ್ನು ಬಳಸಿ, ಇಲ್ಲವಾದರೆ ಬ್ಯಾಟರಿ ತೆಗೆದಿಡಿ.

8. ಗ್ರೀಸು ಕೊಳೆಯಲ್ಲ

ಹೊಸ ಟಾರ್ಚಿನ ಥ್ರೆಡ್ಡಿನಲ್ಲಿ ಅಂಟಂಟಾಗಿದ್ದುದನ್ನು ಥಿನ್ನರ್ ಹಾಕಿ ಚೊಕ್ಕವಾಗಿ ಒರೆಸಿದೆ. ಶುಚಿತ್ವದ ವಿಷಯದಲ್ಲಿ ನಾನು ನಮ್ಮ ಅಜ್ಜಿಯ ಮೊಮ್ಮಗ. ಮುಚ್ಚಳ ತಿರುಗಿಸುವಾಗ ಕಿರ್ರೆಂದಿತು, ಒಂದು ದಿನ ಹಿಡಿದುಕೊಂಡೇಬಿಟ್ಟಿತು. ಟೈಟಾನಿಯಂ ಟೈಟಾನಿಯಂಗೆ ಉಜ್ಜಿದರೆ ಮೇಲ್ಮೈಗಳು ಒಂದಕ್ಕೊಂದು ಕಚ್ಚಿಕೊಂಡು ಕಿತ್ತುಬರುತ್ತವೆ. ಗ್ರೀಸು ಇದ್ದದ್ದೇ ಅದನ್ನು ತಡೆಯಲು.

ಕೊನೆಗೆ ಪೀಣ್ಯದಲ್ಲಿ ಲೇತ್ ನಡೆಸುವ ಪರಿಚಯದವರೊಬ್ಬರ ಹತ್ತಿರ ಒಯ್ದೆ. ಕೈಯಲ್ಲಿ ತೂಗಿ ನೋಡಿ, "ಟೈಟಾನಿಯಂ ಅಲ್ವಾ ಸಾರ್?" ಎಂದರು. ಅಲ್ಯೂಮಿನಿಯಂ ಆದ್ರೆ ಯೋಚನೆ ಇಲ್ಲ, ಇದು ಟೂಲನ್ನೇ ತಿಂದು ಹಾಕುತ್ತೆ ಎಂದರು. ಕತ್ತರಿಸುವಾಗ ಹುಟ್ಟುವ ಶಾಖ ಲೋಹದೊಳಗೆ ಹರಿಯದೆ ಟೂಲಿನ ತುದಿಯಲ್ಲೇ ನಿಲ್ಲುತ್ತದಂತೆ. ಎರಡನೆಯ ಪಾಠದ ಅದೇ 7 ಇಲ್ಲೂ ಕಾಡುತ್ತಿತ್ತು. "ಚೂರು ಹೊತ್ಕೊಂಡ್ರೆ ನೀರು ಹಾಕೋ ಹಾಗಿಲ್ಲ ಸಾರ್, ಮರಳೇ." ಆದ್ದರಿಂದ ಈ ಲೋಹವನ್ನು ನಿಧಾನವಾಗಿ, ಕೂಲೆಂಟ್ ಸುರಿಯುತ್ತ, ಟೂಲ್ ಬದಲಿಸುತ್ತ ಕೊರೆಯಬೇಕು. ನಾನು ಕೊಟ್ಟ ದುಡ್ಡಿನ ದೊಡ್ಡ ಪಾಲು ಎಲ್ಲಿಗೆ ಹೋಯಿತೆಂದು ಆಗ ಅರ್ಥವಾಯಿತು. ಅದು ಹೋದದ್ದು ಬೆಳಕಿಗಲ್ಲ, ಕೊರೆತಕ್ಕೆ.

ಮುಚ್ಚಳ ಬಿಚ್ಚಿಕೊಟ್ಟರು. ಥ್ರೆಡ್ಡಿನ ಎರಡು ಸುತ್ತು ಹೋಗಿತ್ತು.

"ಇದೇ ಅಲ್ಯೂಮಿನಿಯಂನಲ್ಲಿ ಸಿಗಲ್ವಾ ಸಾರ್?"

"ಸಿಗುತ್ತೆ. ಕಾಲು ಭಾಗ ರೇಟು."

"ಬೆಳಕು?"

"ಅದರದ್ದೇ ಚೆನ್ನಾಗಿ ನಿಲ್ಲುತ್ತೆ."

"ಮತ್ತೆ ಇದ್ಯಾಕೆ?"

ಬಣ್ಣ ಎದ್ದುಬರುವುದಿಲ್ಲ, ಗೀರು ಬಿದ್ದರೆ ಸ್ಕಾಚ್‌ಬ್ರೈಟಿನಲ್ಲಿ ಉಜ್ಜಿ ಹೊಸದು ಮಾಡಬಹುದು, ಮಳೆ ಬೆವರಿಗೆ ಏನೂ ಆಗುವುದಿಲ್ಲ, ಹಿಡಿದರೆ ಕೈಗೆ ಹಿತ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡಂತೆ ಕಾಣಲಿಲ್ಲ. ಟಾರ್ಚನ್ನು ಅಂಗೈಯಲ್ಲಿ ಹೊರಳಿಸುತ್ತಾ ಇದ್ದರು.

"ಮಾರೋದಾದ್ರೆ ನಂಗೆ ಹೇಳಿ ಸಾರ್," ಎಂದರು.